ನೂಲು ಬಿಡುವ ಅಂಚಿಗೆ ಯಾವ ಹೊಲಿಗೆ?

ಬೀರುವಿನಿಂದ ಒಂದು ಹಳೆಯ ರವಿಕೆ ತೆಗೆಯಿರಿ. ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿಯಿರಿ. ಪಕ್ಕದ ಹೊಲಿಗೆಯ ಆಚೆ ಒಂದು, ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ. ಅದರ ತುದಿಗೆ ಬಲೆಯಂತೆ ನೂಲು ಸುತ್ತಿದ್ದರೆ ಟೈಲರ್ ಅದಕ್ಕೆ ಓವರ್‌ಲಾಕ್ ಹಾಕಿದ್ದಾರೆ. ತುದಿ ಗರಗಸದ ಹಲ್ಲಿನಂತಿದ್ದರೆ ಜಿಗ್‌ಜಾಗ್ ಕತ್ತರಿ ಆಡಿಸಿ ಕೈತೊಳೆದುಕೊಂಡಿದ್ದಾರೆ. ಎರಡೂ ಇಲ್ಲದೆ ಎಳೆಗಳು ಗಡ್ಡದಂತೆ ಜೋತಾಡುತ್ತಿವೆಯೇ? ಹಾಗಿದ್ದರೆ ಇವತ್ತೇ ಅದನ್ನು ಸರಿಮಾಡಿಕೊಳ್ಳುವುದು ಒಳ್ಳೆಯದು.

ಹೊಲಿಗೆ ಕಲಿತ ಹೊಸದರಲ್ಲಿ ನಾನೊಂದು ರಾ ಸಿಲ್ಕ್ ರವಿಕೆ ಹೊಲಿದಿದ್ದೆ. ಹೊರಗಿನಿಂದ ಚೆನ್ನಾಗಿಯೇ ಇತ್ತು. ಒಳಗಿನ ಅಂಚನ್ನು ಯಾರು ನೋಡುತ್ತಾರೆ ಎಂದು ಹಾಗೇ ಬಿಟ್ಟಿದ್ದೆ. ಮೂರನೇ ಸಲ ಒಗೆದು ಹಿಂಡುವಾಗ ಕಂಕುಳ ಹತ್ತಿರ ಬೆರಳು ತೂರಿತು. ನೂಲಿನ ಹೊಲಿಗೆ ಒಂದೂ ಹರಿದಿರಲಿಲ್ಲ. ಅದು ಹಿಡಿದುಕೊಳ್ಳಬೇಕಾಗಿದ್ದ ಬಟ್ಟೆಯೇ ಎಳೆ ಎಳೆಯಾಗಿ ಜಾರಿಹೋಗಿತ್ತು.

ಹೀಗೇಕಾಗುತ್ತದೆ? ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು. ಲಾಳಿ ಅಡ್ಡಡ್ಡ ಎಳೆದೊಯ್ಯುವ ಎಳೆ ಹೊಕ್ಕು. ಇವೆರಡನ್ನೂ ಯಾರೂ ಗಂಟು ಹಾಕಿಲ್ಲ. ಒಂದರ ಮೇಲೊಂದು, ಕೆಳಗೊಂದು ಹಾದು, ಪರಸ್ಪರ ಒತ್ತಡದಿಂದಷ್ಟೇ ನಿಂತಿವೆ. ಥಾನಿನ ಎರಡು ಪಕ್ಕಗಳಲ್ಲಿ ಹೊಕ್ಕೆಳೆ ತಿರುಗಿ ವಾಪಸು ಬರುವುದರಿಂದ ಅಲ್ಲಿ ಅಂಚು ಬಿಚ್ಚುವುದಿಲ್ಲ. ಕತ್ತರಿ ಬಿದ್ದ ಕಡೆ ಮಾತ್ರ ಆ ಎಳೆಯನ್ನು ಹಿಡಿಯುವವರಿಲ್ಲ. ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತೇವಲ್ಲ, ಅದು ಅಲಂಕಾರವಷ್ಟೇ ಅಲ್ಲ. ಬಿಡಿಯಾದ ಹಾಸೆಳೆಗಳನ್ನು ಗುಂಪು ಮಾಡಿ ಗಂಟು ಹಾಕಿದರೆ ಹೊಕ್ಕು ಹೊರಗೆ ಜಾರಲಾರದು. ಮೆಷಿನ್ನಿನಲ್ಲಿ ಮಾಡುವುದೂ ಇದೇ ಕೆಲಸವನ್ನು, ಬೇರೆ ಬೇರೆ ರೀತಿಯಲ್ಲಿ.

ಎಲ್ಲ ಬಟ್ಟೆಯೂ ಒಂದೇ ಥರ ನೂಲು ಬಿಡುವುದಿಲ್ಲ. ಕತ್ತರಿಸಿದ ತುದಿಯನ್ನು ಉಗುರಿನಿಂದ ನಾಲ್ಕು ಸಲ ಕೆರೆದು ನೋಡಿ. ಎಳೆ ಬರಲಿಲ್ಲವೆಂದರೆ ಅದು ಪಾಪ್ಲಿನ್‌ನಂಥ ಒತ್ತು ನೇಯ್ಗೆ. ಸಾಧಾರಣ ಭದ್ರತೆ ಸಾಕು. ಎರಡು ಮೂರು ಎಳೆ ಕೈಗೆ ಬಂದರೆ ಹುಷಾರು. ರಾ ಸಿಲ್ಕ್, ಟಿಶ್ಯೂ, ಬ್ರೊಕೇಡ್, ಸ್ಯಾಟಿನ್, ಜಾರ್ಜೆಟ್, ಲಿನೆನ್, ಒರಟು ಖಾದಿ ಎಲ್ಲ ಈ ಜಾತಿಯವು. ಟೀಶರ್ಟ್ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಅದರ ಅಂಚು ಸುರುಳಿ ಸುತ್ತೀತೇ ಹೊರತು ಹೀಗೆ ನೂಲು ಬಿಡುವುದಿಲ್ಲ.

ಬರೀ ನೇರ ಹೊಲಿಗೆಯ ಮೆಷಿನ್ ಇದ್ದರೆ

"ನಮ್ಮ ಮನೆಯಲ್ಲಿರುವುದು ಅಮ್ಮನ ಕಾಲದ ಕಪ್ಪು ಮೆಷಿನ್. ಅದರಲ್ಲಿ ಜಿಗ್‌ಜಾಗ್ ಬರುವುದಿಲ್ಲವಲ್ಲ?" ನನ್ನನ್ನು ಹೆಚ್ಚು ಮಂದಿ ಕೇಳುವುದು ಇದನ್ನೇ. ಬರದಿದ್ದರೆ ಚಿಂತೆಯಿಲ್ಲ. ಅಂಚನ್ನು ನೂಲಿನಿಂದ ಸುತ್ತುವುದೊಂದೇ ದಾರಿಯಲ್ಲ, ಬಟ್ಟೆಯೊಳಗೇ ಬಚ್ಚಿಡಲೂಬಹುದು. ನನ್ನ ಮಟ್ಟಿಗೆ ಮೊದಲು ಕಲಿಯಬೇಕಾದ್ದೂ ಇದೇ.

ಅದರಲ್ಲಿ ಫ್ರೆಂಚ್ ಸೀಮ್ ಅಂದರೆ ಎರಡು ಸಲ ಹೊಲಿದು ಅಂಚನ್ನು ಒಳಗೆ ಮುಚ್ಚುವ ವಿಧಾನ. ದಿಂಬಿನ ಕವರಿನಲ್ಲಿ ಕಲಿಯುವುದು ಸುಲಭ. ಹೊಲಿಗೆಗೆಂದು ಅರ್ಧ ಇಂಚು ಬಟ್ಟೆ ಬಿಟ್ಟುಕೊಳ್ಳಿ. ಸಾಮಾನ್ಯವಾಗಿ ಎರಡು ತುಂಡುಗಳ ಚೆಂದದ ಮುಖವನ್ನು ಒಳಗಿಟ್ಟು ಹೊಲಿಯುತ್ತೇವೆ. ಇಲ್ಲಿ ತದ್ವಿರುದ್ಧ: ಒಳಮೈಗೆ ಒಳಮೈ ತಾಗಿಸಿ, ಚೆಂದದ ಮುಖ ಹೊರಗಿರಲಿ. ತುದಿಯಿಂದ ಕಾಲು ಇಂಚಿನಲ್ಲಿ ಒಂದು ಹೊಲಿಗೆ ಹಾಕಿ. ತಪ್ಪು ಕಡೆ ಹೊಲಿದೆನೇನೋ ಎಂದು ಮನಸ್ಸು ಕಸಿವಿಸಿಯಾಗುತ್ತದೆ, ಇರಲಿ. ಈಗ ಹೊರಗಿರುವ ಅಂಚನ್ನು ಅರ್ಧದಷ್ಟು ಕತ್ತರಿಸಿ ಸಪೂರ ಮಾಡಿ. ಜೋತಾಡುವ ಎಳೆಗಳನ್ನೂ ತೆಗೆಯಿರಿ. ಬಟ್ಟೆಯನ್ನು ತಿರುಗಿಸಿ, ಹೊಲಿಗೆ ಸರಿಯಾಗಿ ಮಡಿಕೆಯ ತುದಿಗೆ ಬರುವಂತೆ ಇಸ್ತ್ರಿ ಮಾಡಿ. ಆ ಮಡಿಕೆಯಿಂದ ಕಾಲು ಇಂಚಿನಲ್ಲಿ ಇನ್ನೊಂದು ಹೊಲಿಗೆ. ಮುಗಿಯಿತು. ಒಳಗೆ ನೋಡಿದರೂ ಹೊರಗೆ ನೋಡಿದರೂ ಹಸಿ ಅಂಚು ಕಾಣುವುದಿಲ್ಲ.

ಕತ್ತರಿಸುವ ಹಂತವನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಎರಡನೇ ಹೊಲಿಗೆಯ ಆಚೆ ಚೆಂದದ ಮುಖದಲ್ಲೇ ಎಳೆಗಳು ಮೀಸೆಯಂತೆ ಇಣುಕುತ್ತವೆ. ಆಮೇಲೆ ಒಂದೊಂದಾಗಿ ಕೀಳುತ್ತ ಕೂರಬೇಕು.

ಜಾರ್ಜೆಟ್, ಶಿಫಾನ್, ವಾಯ್ಲ್‌ನಂಥ ತೆಳು ಬಟ್ಟೆಗೆ ಇದಕ್ಕಿಂತ ಒಳ್ಳೆಯ ಹೊಲಿಗೆ ಇಲ್ಲ. ಹಸುಗೂಸಿನ ಬಟ್ಟೆಗೂ ಸರಿ. ಒರಟು ನೂಲು ಮೈಗೆ ತಾಗುವುದಿಲ್ಲ. ಆದರೆ ದಪ್ಪ ಬಟ್ಟೆಗೆ ಬೇಡ, ಹೊಲಿಗೆಯ ಜಾಗ ಹಗ್ಗದಂತೆ ಉಬ್ಬುತ್ತದೆ. ರವಿಕೆಯ ಪಕ್ಕಕ್ಕಂತೂ ಬೇಡವೇ ಬೇಡ. ಮುಂದೆ ದಪ್ಪಗಾದರೆ ಬಿಚ್ಚಿ ಅಗಲ ಮಾಡಿಕೊಳ್ಳಲು ನಾವು ಅಲ್ಲಿ ಬಟ್ಟೆ ಬಿಟ್ಟಿರುತ್ತೇವೆ. ಫ್ರೆಂಚ್ ಸೀಮ್ ಹಾಕಿದರೆ ಆ ಬಟ್ಟೆಯನ್ನು ನಾವೇ ಕತ್ತರಿಸಿ ಎಸೆದಂತೆ.

ಹಾಗಾದರೆ ಪಕ್ಕದ ಹೊಲಿಗೆಗೆ ಏನು ಮಾಡುವುದು? ಮಾರ್ಜಿನ್ ಬಟ್ಟೆಯ ತುದಿಯನ್ನು ಸಣ್ಣಗೆ ಒಂದು ಮಡಿಕೆ ಒಳಗೆ ಮಡಚಿ, ಮಡಿಕೆಯ ಮೇಲೆ ನೇರ ಹೊಲಿಗೆ ಓಡಿಸಿ. ಮುಂಭಾಗದ ತುಂಡಿಗೊಂದು, ಹಿಂಭಾಗದ ತುಂಡಿಗೊಂದು. ಇದನ್ನು ಪಕ್ಕ ಸೇರಿಸುವ ಮೊದಲೇ ಮಾಡಿಟ್ಟುಕೊಂಡರೆ ಕೈಗೆ ಸಲೀಸು. ಹತ್ತಿಯ ಬಟ್ಟೆಗೆ ಇದು ವರ್ಷಗಟ್ಟಲೆ ಬಾಳುತ್ತದೆ.

ಜೀನ್ಸ್ ಪ್ಯಾಂಟಿನ ಕಾಲಿನ ಉದ್ದಕ್ಕೂ ಜೋಡಿ ಹೊಲಿಗೆ ಕಾಣುತ್ತದಲ್ಲ, ಅದೂ ಫ್ರೆಂಚ್ ಸೀಮಿನ ಅಣ್ಣನೇ. ಒಂದು ಅಂಚನ್ನು ಚಿಕ್ಕದು ಮಾಡಿ, ಇನ್ನೊಂದರಿಂದ ಅದನ್ನು ಸುತ್ತಿ ಮಡಚಿ, ಮಲಗಿಸಿ ಮೇಲೆ ಹೊಲಿಯುತ್ತಾರೆ. ಗಟ್ಟಿಮುಟ್ಟು, ಆದರೆ ಕಲಿಯಲು ತಾಳ್ಮೆ ಬೇಕು.

ಕೊರಳು, ತೋಳಿಲ್ಲದ ಕುರ್ತಾದ ಕಂಕುಳು ಇಂಥ ಬಾಗು ಜಾಗಗಳಿಗೆ ಕ್ರಾಸ್ ಪಟ್ಟಿ. ಬಟ್ಟೆಯನ್ನು ಮೂಲೆಯಿಂದ ಮೂಲೆಗೆ, 45 ಡಿಗ್ರಿ ಓರೆಯಾಗಿ ಮಡಚಿ, ಒಂದೂಕಾಲು ಇಂಚಿನ ಪಟ್ಟಿ ಕತ್ತರಿಸಿಕೊಳ್ಳಿ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಾಗಿನ ಜೊತೆ ಬಾಗುತ್ತದೆ. ಓರೆ ಅಂಚಿನ ಇನ್ನೊಂದು ಗುಣವೆಂದರೆ ಅದು ನೂಲು ಬಿಡುವುದು ತೀರಾ ಕಡಿಮೆ. ಅಲ್ಲಿ ಉದ್ದನೆಯ ಎಳೆ ಯಾವುದೂ ತುದಿಗೆ ಸಮಾನಾಂತರವಾಗಿ ಮಲಗಿರುವುದಿಲ್ಲ. ಜಿಗ್‌ಜಾಗ್ ಕತ್ತರಿಯ ಗುಟ್ಟೂ ಇಷ್ಟೇ: ನೇರ ಅಂಚನ್ನು ನೂರಾರು ಪುಟ್ಟ ಓರೆ ಅಂಚುಗಳಾಗಿ ಮಾಡುತ್ತದೆ. ಪಾಪ್ಲಿನ್ ಲೈನಿಂಗಿಗೆ ಆ ಕತ್ತರಿ ನಡೆಯುತ್ತದೆ. ಅಂಚಿನಿಂದ ಕಾಲಿಂಚು ಒಳಗೆ ಒಂದು ನೇರ ಹೊಲಿಗೆಯನ್ನೂ ಹಾಕಿದರೆ ಇನ್ನೂ ವಾಸಿ. ರಾ ಸಿಲ್ಕಿಗೆ ಬರೀ ಕತ್ತರಿ ಆಡಿಸಿ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಜಿಗ್‌ಜಾಗ್ ಬರುವ ಮೆಷಿನ್

ಜಿಗ್‌ಜಾಗ್ ಮೆಷಿನ್ನಿನಲ್ಲಿ ಸೂಜಿ ಮೇಲೆ ಕೆಳಗೆ ಹೋಗುವುದರ ಜೊತೆಗೆ ಎಡಕ್ಕೆ ಬಲಕ್ಕೆ ತೂಗುತ್ತದೆ. ಇದು ಹೊಸದೇನೂ ಅಲ್ಲ. ಅಮೆರಿಕದ ಹೆಲೆನ್ ಬ್ಲಾಂಚರ್ಡ್ ಎಂಬ ಮಹಿಳೆ 1873ರಲ್ಲೇ ಜಿಗ್‌ಜಾಗ್ ಹೊಲಿಗೆಯ ಮೆಷಿನ್ನಿಗೆ ಪೇಟೆಂಟ್ ಪಡೆದಿದ್ದರು. ಈಗ ಮನೆಬಳಕೆಯ ಮೋಟಾರ್ ಮೆಷಿನ್ನುಗಳಲ್ಲಿ ಹೆಚ್ಚಿನವಕ್ಕೆ ಈ ಸೌಲಭ್ಯವಿದೆ. ಒಂದು ಗುಂಡಿ ಅಗಲಕ್ಕೆ, ಇನ್ನೊಂದು ಉದ್ದಕ್ಕೆ. ಅಗಲವೆಂದರೆ ಸೂಜಿ ಎಷ್ಟು ದೂರ ತೂಗಬೇಕು ಎಂಬುದು. ಉದ್ದವೆಂದರೆ ಒಂದು ಕುತ್ತಿಗೂ ಮುಂದಿನದಕ್ಕೂ ನಡುವೆ ಬಟ್ಟೆ ಎಷ್ಟು ಮುಂದೆ ಸರಿಯಬೇಕು ಎಂಬುದು.

ಸಾಧಾರಣ ಹತ್ತಿ ಬಟ್ಟೆಗೆ ಅಗಲ 4, ಉದ್ದ 2 ಇಟ್ಟು ಶುರುಮಾಡಿ. ಮೊದಲು ಅದೇ ಬಟ್ಟೆಯ ಚೂರಿನ ಮೇಲೆ ನೋಡಿ. ಮುಖ್ಯ ಸಂಗತಿ ಒಂದೇ: ಸೂಜಿ ಎಡಕ್ಕೆ ಬಂದಾಗ ಬಟ್ಟೆಯೊಳಗೆ ಇಳಿಯಬೇಕು, ಬಲಕ್ಕೆ ಹೋದಾಗ ಅಂಚನ್ನು ದಾಟಿ ಕೂದಲೆಳೆಯಷ್ಟು ಹೊರಗೆ ಇಳಿಯಬೇಕು. ಆಗ ನೂಲು ಅಂಚನ್ನು ಸುತ್ತಿ ತಬ್ಬಿಕೊಳ್ಳುತ್ತದೆ. ಎರಡು ಕುತ್ತೂ ಬಟ್ಟೆಯೊಳಗೇ ಬಿದ್ದರೆ, ಅದರಾಚೆಯ ಎಳೆಗಳು ಬಿಚ್ಚಿಕೊಳ್ಳುವುದು ತಪ್ಪುವುದಿಲ್ಲ.

"ಹಾಗೆ ಮಾಡಿದರೆ ಅಂಚು ಸುರುಳಿಯಾಗಿ ಮಡಚಿಕೊಳ್ಳುತ್ತದೆ, ಏನು ಮಾಡಲಿ?" ತೆಳು ಬಟ್ಟೆಯಲ್ಲಿ ಇದು ಆಗಿಯೇ ಆಗುತ್ತದೆ. ಮೊದಲು ಅಗಲ ಕಡಿಮೆ ಮಾಡಿ. ಮೇಲಿನ ನೂಲಿನ ಟೆನ್ಷನ್, ಅಂದರೆ ಬಿಗಿ, ಸ್ವಲ್ಪ ಸಡಿಲಿಸಿ. ಆಗಲೂ ಮಡಚಿಕೊಂಡರೆ ಬಟ್ಟೆಯ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಓವರ್‌ಕಾಸ್ಟ್ ಫುಟ್ ಎಂಬ ಬೇರೆಯದೇ ಪಾದ ಸಿಗುತ್ತದೆ. ಅದರ ನಡುವೆ ಸಣ್ಣ ಕಡ್ಡಿಯೊಂದಿರುತ್ತದೆ. ನೂಲು ಆ ಕಡ್ಡಿಯ ಮೇಲೆ ಸುತ್ತಿ ಜಾರುವುದರಿಂದ ಅಂಚು ಚಪ್ಪಟೆಯಾಗಿಯೇ ಉಳಿಯುತ್ತದೆ.

ಪಾದ ಬದಲಿಸಿದಾಗಲೆಲ್ಲ ಒಂದು ಎಚ್ಚರ. ನೇರ ಹೊಲಿಗೆಯ ಪಾದದಲ್ಲಿ, ಅದರ ಕೆಳಗಿನ ತಟ್ಟೆಯಲ್ಲಿ ಸೂಜಿಗೆಂದು ಇರುವುದು ಒಂದೇ ಸಣ್ಣ ತೂತು. ಅದನ್ನು ತೆಗೆಯದೆ ಜಿಗ್‌ಜಾಗ್ ಹಾಕಿದರೆ ಸೂಜಿ ಲೋಹಕ್ಕೆ ಬಡಿಯುತ್ತದೆ. ನನಗೆ ಹಾಗಾದಾಗ ಟಕ್ಕೆಂದು ಮುರಿದ ಮೊನೆ ಹಾರಿ ಕನ್ನಡಕದ ಗಾಜಿಗೆ ತಾಗಿತ್ತು. ಅಂದಿನಿಂದ, ಪೆಡಲ್ ಒತ್ತುವ ಮೊದಲು ಬಲಗಡೆಯ ಚಕ್ರವನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಸೂಜಿ ಎರಡು ಕಡೆಯೂ ಸಲೀಸಾಗಿ ಇಳಿಯುತ್ತದೆಯೇ ಎಂದು ನೋಡುತ್ತೇನೆ.

ಸೂಜಿಯ ನಂಬರನ್ನೂ ನೋಡಿಕೊಳ್ಳಿ. ರೇಷ್ಮೆ, ಜಾರ್ಜೆಟ್‌ಗೆ 11, ಹತ್ತಿಗೆ 14, ಜೀನ್ಸಿಗೆ 16. ಮೊಂಡು ಸೂಜಿ ಎಳೆಯನ್ನು ಚುಚ್ಚದೆ ಎಳೆದು ತರುತ್ತದೆ. ಅಂಚು ಕಟ್ಟಲು ಹೋಗಿ ಅಂಚನ್ನೇ ಬಿಚ್ಚಿದಂತಾಗುತ್ತದೆ.

ಸೀರೆಗೆ ಹಾಕಿಸುವ ಪಿಕೊ ಕೂಡ ಜಿಗ್‌ಜಾಗೇ, ಆದರೆ ಬಹಳ ಒತ್ತಾದದ್ದು. ಸೀರೆಯ ತುದಿಯನ್ನು ಸಣ್ಣಗೆ ಸುರುಳಿ ಮಾಡುತ್ತ, ಅದರ ಮೇಲೆ ದಾರ ಸುತ್ತುತ್ತ ಹೋಗುತ್ತಾರೆ. ಮನೆಯ ಮೆಷಿನ್ನಿನಲ್ಲೂ ಮಾಡಬಹುದು. ತುದಿಯನ್ನು ಸಣ್ಣಗೆ ಮಡಚಿ, ಅಗಲ 2.5, ಉದ್ದ ಅರ್ಧದ ಹತ್ತಿರ ಇಟ್ಟು, ನಿಧಾನಕ್ಕೆ. ಒಳ್ಳೆಯ ರೇಷ್ಮೆ ಸೀರೆಯ ಮೇಲೆ ಮೊದಲ ಪ್ರಯೋಗ ಬೇಡ. ಹಳೆಯ ದುಪಟ್ಟಾ ಒಂದನ್ನು ಬಲಿ ಕೊಡಿ.

ಓವರ್‌ಲಾಕ್ ಎಂದರೆ

ನಮ್ಮ ಬಹಳಷ್ಟು ಟೈಲರ್ ಅಂಗಡಿಗಳಲ್ಲಿ ಇದನ್ನೇ ಇಂಟರ್‌ಲಾಕ್ ಎನ್ನುತ್ತಾರೆ. ಹೆಸರಿಗೆ ತಲೆಕೆಡಿಸಿಕೊಳ್ಳಬೇಡಿ, ಅಂಚು ಕತ್ತರಿಸಿ ಸುತ್ತುವ ಮೆಷಿನ್ ಎಂದರೆ ಅವರಿಗೆ ಗೊತ್ತಾಗುತ್ತದೆ. ಅಮೆರಿಕದ ಜೋಸೆಫ್ ಮೆರೋ 1889ರಲ್ಲಿ ಇಂಥದ್ದಕ್ಕೆ ಪೇಟೆಂಟ್ ಪಡೆದ.

ಇದರಲ್ಲಿ ಬಾಬಿನ್ ಇಲ್ಲ. ಅದರ ಬದಲು ಲೂಪರ್ ಎಂಬ ಎರಡು ಕೊಕ್ಕೆಗಳಿವೆ. ಒಂದು ಮೇಲಿನಿಂದ, ಒಂದು ಕೆಳಗಿನಿಂದ ನೂಲಿನ ಕುಣಿಕೆ ತಂದು ಅಂಚಿನ ಮೇಲೆ ಹೆಣೆಯುತ್ತವೆ. ಸೂಜಿಯ ನೂಲು ಆ ಕುಣಿಕೆಗಳನ್ನು ಬಟ್ಟೆಗೆ ಬಿಗಿಯುತ್ತದೆ. ಹೀಗೆ ಒಟ್ಟು ಮೂರು ನೂಲು. ಸೂಜಿಗಿಂತ ತುಸು ಮುಂದೆ ಚಾಕುವೊಂದು ಟಕಟಕನೆ ಅಂಚನ್ನು ಸಮ ಮಾಡುತ್ತ ಬರುತ್ತದೆ. ಕತ್ತರಿಸುವುದು, ಸುತ್ತುವುದು ಎರಡೂ ಒಂದೇ ಓಟದಲ್ಲಿ. ಮೂರು ನೂಲಿನದು ಅಂಚು ಕಟ್ಟಲಷ್ಟೇ. ಜೋಡಣೆಯ ಹೊಲಿಗೆಯನ್ನು ನಿಮ್ಮ ಮಾಮೂಲಿ ಮೆಷಿನ್ನಿನಲ್ಲೇ ಹಾಕಬೇಕು. ನಾಲ್ಕು ನೂಲಿನದು ಹಿಗ್ಗುವ ಟೀಶರ್ಟ್ ಬಟ್ಟೆಯನ್ನು ಜೋಡಿಸುವ ಕೆಲಸವನ್ನೂ ಮಾಡುತ್ತದೆ. ಐದು ನೂಲಿನದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಸರಕು. ನಿಮ್ಮ ರೆಡಿಮೇಡ್ ಚೂಡಿದಾರದ ಒಳಗೆ ಒಂದು ಸರಪಳಿ ಹೊಲಿಗೆ, ಪಕ್ಕದಲ್ಲೇ ಬಲೆ ಕಂಡರೆ ಅದು ಇದರದೇ ಕೆಲಸ.

ಈ ಮೆಷಿನ್ನಿನ ಅಪಾಯವಿರುವುದು ಆ ಚಾಕುವಿನಲ್ಲಿ. ತಪ್ಪು ಹೊಲಿಗೆಯನ್ನು ಬಿಚ್ಚಬಹುದು, ತಪ್ಪಾಗಿ ಕತ್ತರಿಸಿದ್ದನ್ನು ಅಂಟಿಸಲಾಗದು. ಕೆಳಗೆ ರವಿಕೆಯ ಇನ್ನೊಂದು ಮಡಿಕೆ ಸಿಕ್ಕಿಕೊಂಡಿದೆಯೇ ಎಂದು ಎಡಗೈ ಆಡಿಸುತ್ತಲೇ ಇರಬೇಕು. ಗುಂಡುಪಿನ್ನು ಚುಚ್ಚಿದ್ದರೆ ಮೊದಲೇ ತೆಗೆಯಿರಿ, ಚಾಕುವಿನ ಬಾಯಿಗೆ ಸಿಕ್ಕರೆ ಚಾಕು ಹಾಳು. ಹೊಲಿದು ಮುಗಿದ ಮೇಲೆ ಎರಡು ಇಂಚು ನೂಲಿನ ಜಡೆ ಬಿಟ್ಟೇ ಕತ್ತರಿಸಿ. ಬುಡಕ್ಕೆ ಕತ್ತರಿಸಿದರೆ ಬಿಚ್ಚತೊಡಗುತ್ತದೆ. ಆ ಜಡೆಯನ್ನು ದಪ್ಪ ಕಣ್ಣಿನ ಸೂಜಿಯಲ್ಲಿ ಪೋಣಿಸಿ ಹೊಲಿಗೆಯೊಳಗೆ ತೂರಿಸಿಬಿಡಿ.

ನೂಲು ಪೋಣಿಸುವುದೇ ದೊಡ್ಡ ತಲೆನೋವು ಎಂದು ಹಲವರು ಮೆಷಿನ್ ಕೊಂಡು ಮೂಲೆಗಿಟ್ಟಿದ್ದಾರೆ. ಬಣ್ಣ ಬದಲಿಸುವಾಗ ಹಳೆಯ ನೂಲನ್ನು ಕೀಳಬೇಡಿ. ಕೋನಿನ ಹತ್ತಿರ ಕತ್ತರಿಸಿ, ಹೊಸ ನೂಲಿಗೆ ಪುಟ್ಟ ಗಂಟು ಹಾಕಿ, ಇನ್ನೊಂದು ತುದಿಯಿಂದ ಮೆಲ್ಲಗೆ ಎಳೆಯಿರಿ. ಲೂಪರುಗಳಲ್ಲಿ ಗಂಟು ಸಲೀಸಾಗಿ ಹಾದುಬರುತ್ತದೆ. ಸೂಜಿಯ ಕಣ್ಣಿನ ಹತ್ತಿರ ಮಾತ್ರ ಗಂಟು ಕತ್ತರಿಸಿ ಕೈಯಲ್ಲಿ ಪೋಣಿಸಿ.

ಯಾವಾಗ ಹಾಕಬೇಕು, ಜೋಡಿಸುವ ಮೊದಲೋ ಆಮೇಲೋ? ಭುಜದ ಹೊಲಿಗೆ, ತೋಳು ಕೂಡಿಸಿದ ಜಾಗದಲ್ಲಿ ಜೋಡಿಸಿದ ಮೇಲೆ ಎರಡೂ ಪದರ ಸೇರಿಸಿ ಹಾಕಿ. ಪಕ್ಕದ ಮಾರ್ಜಿನ್ನಿಗೆ ಮಾತ್ರ ಒಂದೊಂದು ತುಂಡಿಗೂ ಬೇರೆ ಬೇರೆಯಾಗಿ, ಮೊದಲೇ. ಇನ್ನೊಂದು ಮಾತು: ಅಂಚು ಎಷ್ಟೇ ಚೆನ್ನಾಗಿ ಕಟ್ಟಿದರೂ, ಬಿಗಿಯಾಗಿ ಹೊಲಿದ ಟಿಶ್ಯೂ ರವಿಕೆ ಹೊಲಿಗೆಯ ಪಕ್ಕದಲ್ಲೇ ಪಿಸಿಯಬಹುದು. ಅಲ್ಲಿ ಎಳೆ ಜಾರುವುದು ಮೈಯ ಎಳೆತಕ್ಕೆ. ಅದಕ್ಕೆ ಔಷಧಿ ಹತ್ತಿಯ ಲೈನಿಂಗ್ ಮತ್ತು ತುಸು ಸಡಿಲ ಅಳತೆ.

ಖರ್ಚೆಷ್ಟು, ಎಲ್ಲಿ ಸಿಗುತ್ತದೆ

ಇಲ್ಲಿ ಹೇಳುವ ಬೆಲೆಗಳೆಲ್ಲ ಅಂದಾಜಿನವು, ಊರು ಅಂಗಡಿ ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತವೆ. ಜಿಗ್‌ಜಾಗ್ ಕತ್ತರಿ 300ರಿಂದ 800 ರೂಪಾಯಿ. ಓವರ್‌ಕಾಸ್ಟ್ ಪಾದ ಕೆಲವು ನೂರು. ಜಿಗ್‌ಜಾಗ್ ಬರುವ ಮೋಟಾರ್ ಮೆಷಿನ್ 10,000ದಿಂದ 15,000 ರೂಪಾಯಿಯ ಆಸುಪಾಸು. ಮೋಟಾರ್ ಸಮೇತ ಮೂರು ನೂಲಿನ ಪುಟ್ಟ ಓವರ್‌ಲಾಕ್ 7,000ದಿಂದ 12,000. ಮನೆಬಳಕೆಯ ನಾಲ್ಕು ನೂಲಿನದು 20,000 ದಾಟುತ್ತದೆ. ಮೆಷಿನ್ ಕೊಳ್ಳುವಾಗ ನಿಮ್ಮ ಬಟ್ಟೆಯ ಚೂರುಗಳನ್ನು ಒಯ್ದು, ಅಂಗಡಿಯಲ್ಲೇ ಹೊಲಿಸಿ ನೋಡಿ. ರಿಪೇರಿಗೆ ಅದೇ ಊರಲ್ಲಿ ಜನ ಇದ್ದಾರೆಯೇ ಎಂದು ಕೇಳಿ. ಆನ್‌ಲೈನಿನಲ್ಲಿ ಐನೂರು ಉಳಿಸಿ, ಲೂಪರ್ ಸರಿಮಾಡಿಸಲು ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಮೆಷಿನ್ ಹೊತ್ತವರನ್ನು ನೋಡಿದ್ದೇನೆ. ಸೂಜಿ ಕೊಳ್ಳಲು ಹೋದಾಗ ಹಳೆಯ ಸೂಜಿಯನ್ನೇ ಒಯ್ಯಿರಿ, ಓವರ್‌ಲಾಕಿನ ಸೂಜಿ ಎಲ್ಲ ಮೆಷಿನ್ನಿಗೂ ಒಂದೇ ಅಲ್ಲ. ಬೆಂಗಳೂರಿನವರಿಗೆ ನೂಲು, ಲೈನಿಂಗ್, ಸಾಮಾನುಗಳಿಗೆ ಚಿಕ್ಕಪೇಟೆಯ ಸುತ್ತಮುತ್ತ ಇದ್ದೇ ಇದೆ.

ಹೊಲಿಗೆಯನ್ನೇ ಕಸುಬಾಗಿ ಮಾಡಿಕೊಂಡವರು ಪಿಎಂ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಇದರ 18 ಕಸುಬುಗಳಲ್ಲಿ ಟೈಲರಿಂಗ್ ಕೂಡ ಒಂದು. ತರಬೇತಿಯ ಜೊತೆಗೆ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಹೆಸರು ನೋಂದಾಯಿಸುವುದು ಕಾಮನ್ ಸರ್ವಿಸ್ ಸೆಂಟರಿನಲ್ಲಿ. ಹೊಸದಾಗಿ ಕಲಿಯುವವರಿಗೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಉಚಿತವಾಗಿ ಊಟ ವಸತಿ ಕೊಟ್ಟು ಕಸುಬು ಕಲಿಸುತ್ತದೆ, ಹೊಲಿಗೆಯೂ ಅದರಲ್ಲಿದೆ.

ತಿಂಗಳಿಗೆ ಒಂದೆರಡು ರವಿಕೆ ಹೊಲಿದುಕೊಳ್ಳುವವರು ಓವರ್‌ಲಾಕ್ ಕೊಳ್ಳಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಕತ್ತರಿಸಿದ ತುಂಡುಗಳನ್ನು ಬೀದಿಯ ಟೈಲರ್ ಅಂಗಡಿಗೆ ಒಯ್ದರೆ ರವಿಕೆಯೊಂದಕ್ಕೆ 20ರಿಂದ 40 ರೂಪಾಯಿಗೆ ಅಂಚು ಕಟ್ಟಿಕೊಡುತ್ತಾರೆ. ಒಯ್ಯುವ ಮೊದಲು ಪ್ರತಿ ತುಂಡಿನ ಒಳಮೈಗೆ ಚಾಕಿನಲ್ಲಿ "ಮುಂದೆ", "ಹಿಂದೆ", "ಎಡತೋಳು" ಎಂದು ಬರೆದಿಡಿ. ಕಟ್ಟುವ ಅಂಚಿಗೆ ಗೀಟು ಹಾಕಿ. ಕೊರಳಿಗೂ ಸೇರಿಸಿ ಸುತ್ತಿಬಿಟ್ಟರೆ ಕಷ್ಟ. "ಅಣ್ಣಾ, ನೂಲಷ್ಟೇ ಕಟ್ ಆಗ್ಲಿ, ಅಳತೆ ಬಿಗಿಯಾಗಿದೆ" ಎಂದು ಹೇಳಿ. ಬಣ್ಣದ ವಿಷಯಕ್ಕೆ ಹಟ ಬೇಡ. ಮೂರು ಕೋನು ಬದಲಿಸುವ ರಗಳೆಗೆ ಅವರು ಸಿದ್ಧರಿರುವುದಿಲ್ಲ. ಮೆಷಿನ್ನಿಗೆ ಆಗ ಏರಿಸಿರುವುದು ಬಿಳಿಯೋ ಕಪ್ಪೋ ಕೇಳಿಕೊಂಡು, ನಿಮ್ಮ ತಿಳಿ ಬಣ್ಣದ ಬಟ್ಟೆಗಳನ್ನು ಬಿಳಿ ನೂಲಿನ ದಿನಕ್ಕೆ, ಗಾಢ ಬಣ್ಣದವನ್ನು ಕಪ್ಪು ನೂಲಿನ ದಿನಕ್ಕೆ ಗಂಟು ಕಟ್ಟಿಟ್ಟುಕೊಳ್ಳಿ.